ಮೂಕಿ ಚಿತ್ರಕ್ಕೆ ಅರ್ಥ ಹೇಳುತ್ತಿದ್ದವರು

ಮಂಗಳೂರಿಗೆ ಮಾತನಾಡುವ ಸಿನಿಮಾ ಬರುವ ಮೊದಲು, ಮೈದಾನದ ಬದಿಯ ಡೇರೆಯೊಂದರಲ್ಲಿ ಪರದೆಯ ಪಕ್ಕ ಒಬ್ಬರು ಬೆತ್ತ ಹಿಡಿದು ನಿಲ್ಲುತ್ತಿದ್ದರು. ಚಿತ್ರ ಮೂಕಿ, ಮಾತೆಲ್ಲ ಅವರದು. ರಾಜ, ರಾಣಿ, ರಾಕ್ಷಸ, ಅಳುವ ಮಗು, ಎಲ್ಲರ ಬಾಯಿಯೂ ಅವರೇ. ಅವರನ್ನು ಆ ಜಾಗದಿಂದ ಕೆಳಗಿಳಿಸಿದವನು ನಾನು. ಈಗ ನನಗೆ ಎಪ್ಪತ್ತು ದಾಟಿದೆ. ಸರ್ಕಾರದ ಪಿಂಚಣಿಯಲ್ಲಿ ಉಣ್ಣುತ್ತಿದ್ದೇನೆ. ಆ ಸರ್ಕಾರಿ ಕೆಲಸ ನನಗೆ ಖಾಯಂ ಆದದ್ದು ಹೇಗೆ ಎಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮಣ್ಣಗುಡ್ಡದಲ್ಲಿ ಅವರ ಮನೆ ನಮ್ಮ ಮನೆಯಿಂದ ಎರಡು ಹಿತ್ತಿಲು ಆಚೆ. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಒತ್ತುವ ಕೆಲಸ ಅವರದು. ಆ ವರ್ಷಗಳಲ್ಲಿ ಹಂಚು ಕೊಳ್ಳುವವರೇ ಇರಲಿಲ್ಲ. ಮಾಡಿದ ಹಂಚು ಅಂಗಳದಲ್ಲಿ ಪಾಚಿ ಹಿಡಿಯುತ್ತಿತ್ತು, ಚಿಮಿಣಿಗಳಲ್ಲಿ ಹೊಗೆ ಕಾಣುವುದು ಅಪರೂಪವಾಗಿತ್ತು. ಮೊದಲು ವಾರಕ್ಕೆ ಎರಡು ದಿನ ಕೆಲಸ ಎಂದರು. ಆಮೇಲೆ, ಕರೆದಾಗ ಬಂದರೆ ಸಾಕು ಎಂದರು. ಮತ್ತೆ ಕರೆಯಲಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದ ಅವರ ಗಂಟಲು ಡೇರೆಯ ಯಜಮಾನನ ಕಿವಿಗೆ ಬಿದ್ದದ್ದರಿಂದ ಆ ಮನೆಯಲ್ಲಿ ಒಲೆ ಉರಿಯಿತು.

ನಾನು ಹೈಸ್ಕೂಲು ಮುಗಿಸಿ ಸರ್ಕಾರಿ ಕಚೇರಿಯೊಂದರಲ್ಲಿ ತಾತ್ಕಾಲಿಕ ಗುಮಾಸ್ತನಾಗಿದ್ದೆ. ಭಾನುವಾರ ಮಧ್ಯಾಹ್ನ ಅವರ ಜಗಲಿಯಲ್ಲಿ ಕುಳಿತು ಅರ್ಥ ಹೇಳುವುದನ್ನು ಕಲಿಯುತ್ತಿದ್ದೆ. ತಾಳಮದ್ದಳೆಯಲ್ಲಿ ಹಾಡು ಮಾತ್ರ ಪುಸ್ತಕದ್ದು. ಹಾಡಿನ ನಂತರದ ಮಾತನ್ನು ಕುಳಿತಲ್ಲೇ ಹುಟ್ಟಿಸಿಕೊಳ್ಳಬೇಕು, ಎದುರಾಳಿಯ ಮಾತಿಗೆ ತಕ್ಕ ಉತ್ತರ ಕೊಡಬೇಕು. ನನಗೆ ಅದೇ ಕಷ್ಟವಾಗಿತ್ತು.

"ಎದುರಿನವ ಎಲ್ಲಿ ನಿಲ್ಲಿಸಿದನೋ ಅಲ್ಲಿ ನೀನು ಹಿಡಿಯಬೇಕು ಮಾರಾಯ," ಎನ್ನುತ್ತಿದ್ದರು. "ಎರಡು ಉಸಿರು ತಡ ಮಾಡಿದೆಯಾ, ಮಾತು ನೆಲಕ್ಕೆ ಬಿದ್ದು ಹಾಳಾಗ್ತದೆ."

"ನನಗೆ ಆಗ ತೋಚುದೇ ಇಲ್ಲ ಅಣ್ಣ."

"ತೋಚ್ತದೆ. ನಿನಗೆ ಜನರ ಮುಖ ಕಂಡರೆ ಹೆದರಿಕೆ, ಅಷ್ಟೇ. ದೀಪ ಆರಿಸಿದರೆ ನೀನು ನನ್ನನ್ನೂ ಸೋಲಿಸೀಯೆ."

ಒಳಗಿನಿಂದ ಅತ್ತಿಗೆ, "ಅವನು ಮೊದಲು ಚಾ ಕುಡಿಯಲಿ. ರಾಜ್ಯ ಆಮೇಲೆ ಗೆಲ್ಲಬಹುದು," ಎಂದು ಕೂಗುತ್ತಿದ್ದರು.

ಚಿತ್ರಗಳು ಬರುವಾಗ ಮದ್ರಾಸಿನ ಸೆನ್ಸಾರಿನವರು ನೋಡಿ ಒಪ್ಪಿದ ಕಾಗದವೂ ಜೊತೆಗೆ ಬರುತ್ತಿತ್ತು. ಬೇಡವಾದದ್ದನ್ನು ಅಲ್ಲಿಯೇ ಕತ್ತರಿಸಿರುತ್ತಿದ್ದರು. ಅಣ್ಣನ ಬಾಯಿಗೆ ಮಾತ್ರ ಯಾರ ಕತ್ತರಿಯೂ ತಾಗಿರಲಿಲ್ಲ. ರಾಕ್ಷಸ ಗುಡ್ಡದಷ್ಟು ಅನ್ನದ ಮುಂದೆ ಕುಳಿತರೆ, "ಇವನ ಹೊಟ್ಟೆಗೆ ವಾರದಲ್ಲಿ ಏಳು ದಿನವೂ ಕೆಲಸ ಉಂಟು ನೋಡಿ!" ಎನ್ನುವರು. ಮುಂದೆ ನೆಲಕ್ಕೆ ಹರಡಿದ ಹೊಯಿಗೆಯ ಮೇಲೆ ಕುಳಿತ ಕೆಲಸವಿಲ್ಲದ ಗಂಡಸರು, ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಯಜಮಾನನಿಗೆ ಹೆದರಿಕೆ.

"ನೀವು ರಾಜನ ಕತೆ ಮಾತ್ರ ಹೇಳಿ. ಕಾರ್ಖಾನೆಯದ್ದು ಬೇಡ."

"ನಾನು ಹೇಳುದು ರಾಜನದ್ದೇ. ಕಾರ್ಖಾನೆಯನ್ನು ಅವರೇ ನೆನಪು ಮಾಡಿಕೊಳ್ಳುದು. ಅದಕ್ಕೆ ನಾನು ಎಂತ ಮಾಡ್ಲಿ?"

ಹಾಗೆಂದರೂ ಅವರು ಜಾಗ್ರತೆಯ ಮನುಷ್ಯ. ಹದ ತಪ್ಪಿ ಒಂದು ಮಾತೂ ಆಡುತ್ತಿರಲಿಲ್ಲ. ಆ ಕೆಲಸ ಹೋದರೆ ಬೇರೆ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಶನಿವಾರ ಕಚೇರಿ ಬಿಟ್ಟವನೇ ಸಂಜೆಯ ಆಟಕ್ಕೆ ಹೋದೆ. ಚಿತ್ರದಲ್ಲಿ ಬರಗಾಲ. ಪ್ರಜೆಗಳು ಬರಿದಾದ ಗಡಿಗೆ ಹಿಡಿದು ಅರಮನೆಯ ಮುಂದೆ ನಿಂತಿದ್ದಾರೆ. ರಾಜ ಉಪ್ಪರಿಗೆಯಿಂದ ನೋಡಿ ಮಂತ್ರಿಯ ಕಡೆ ತಿರುಗುತ್ತಾನೆ. ಅಣ್ಣ ರಾಜನ ಸ್ವರದಲ್ಲಿ ಕೇಳಿದರು: "ಇವರು ಹಸಿವು ಹಸಿವು ಎನ್ನುತ್ತಾರಲ್ಲ, ಹಸಿವು ಎಂದರೇನು, ಮಂತ್ರಿ?"

ಕೇಳಿ ನಿಲ್ಲಿಸಿದರು. ಮಂತ್ರಿಯ ಬಾಯಿ ಪರದೆಯ ಮೇಲೆ ಇನ್ನೂ ತೆರೆದಿರಲಿಲ್ಲ. ಡೇರೆಯಲ್ಲಿ ಯಂತ್ರದ ಸದ್ದೊಂದೇ. ಒಂದು ಉಸಿರು ಕಳೆಯಿತು. ಎರಡನೆಯದು ಮುಗಿಯುವ ಮೊದಲು ನಾನು ಹಿಡಿದೆ. ಕತ್ತಲೆಯಲ್ಲಿ ನನ್ನ ಬಾಯಿಂದ ಮಂತ್ರಿಯ ಗತ್ತಿನಲ್ಲೇ ಮಾತು ಬಂತು: "ಕಡಲು ದಾಟಿ ಬಂದವರಿಗೆ ನಮ್ಮ ಹೊಟ್ಟೆಯ ಸುದ್ದಿ ಹೇಗೆ ಗೊತ್ತಾದೀತು, ಪ್ರಭು!"

ಡೇರೆ ಹರಿದು ಹೋಗುವಂಥ ಗದ್ದಲ. ಬೆಂಚು ಬಡಿದರು, ಸಿಳ್ಳೆ ಹಾಕಿದರು. ಹೇಳಿದ್ದು ಯಾರೆಂದು ನನ್ನ ಪಕ್ಕದವನು ನೋಡಲೂ ಇಲ್ಲ, ಪರದೆಯ ಕಡೆಗೇ ನೋಡಿ ನಗುತ್ತಿದ್ದ. ಅಣ್ಣ ಬೆತ್ತದಿಂದ ಪರದೆ ತೋರಿಸಿ ಕತೆ ಮುಂದುವರಿಸಿದರು. ನಾನು ದೇಶಕ್ಕಾಗಿ ಕೂಗಿದ್ದು ಎಂದು ಹೇಳಿದರೆ ಸುಳ್ಳಾಗುತ್ತದೆ. ಗುರು ನಿಲ್ಲಿಸಿದಲ್ಲಿ ಶಿಷ್ಯ ಹಿಡಿದ, ಅಷ್ಟೇ. ಮನೆಗೆ ನಡೆಯುವಾಗ ಹೆಮ್ಮೆಯಿಂದ ಎದೆ ಉಬ್ಬಿತ್ತು.

ಸೋಮವಾರ ಹೆಡ್ ಗುಮಾಸ್ತರು ಕರೆಸಿದರು. ಡೇರೆಗೆ ಪರವಾನಗಿ ಕೊಡುವುದು ನಮ್ಮ ಕಚೇರಿಯೇ; ಮೇಜಿನ ಮೇಲೆ ಅದರ ಬಗ್ಗೆ ಯಾರದೋ ದೂರಿನ ಅರ್ಜಿ ಇತ್ತು.

"ನೀನು ಆ ಡೇರೆಗೆ ಹೋಗ್ತಿಯಂತೆ. ಶನಿವಾರ ಹೋಗಿದ್ದೆಯಾ?"

"ಹೋಗಿದ್ದೆ ಸರ್."

"ಒಳ್ಳೆದಾಯ್ತು. ಅಲ್ಲಿ ಎಂತ ಮಾತು ಬಂತು, ಬರೆದು ಇಂಗ್ಲಿಷಿಗೆ ಮಾಡಿಕೊಡು."

"ಕತ್ತಲೆಯಲ್ಲಿ ಯಾರೋ ಹೇಳಿದ್ದು ಸರ್..."

"ಯಾರೋ ಅಂದರೆ ಆ ಯಾರೋ ಯಾರು ಅಂತ ದೊರೆ ಕೇಳ್ತಾರೆ. ನಿನ್ನ ಅಕ್ಕಪಕ್ಕ ಕೂತವರನ್ನೆಲ್ಲ ಕರೆಸ್ತಾರೆ. ಅಲ್ಲಿ ಮಾತಾಡ್ಲಿಕ್ಕೆ ಅಂತಲೇ ಇರುವವ ಒಬ್ಬ ಉಂಟಲ್ಲ ಮಾರಾಯ?" ಎಂದವರು, ನಾನು ಎದ್ದಾಗ ಇನ್ನೊಂದು ಮಾತು ಸೇರಿಸಿದರು: "ತಾತ್ಕಾಲಿಕದವರು ಮೂರು ಜನ ಇದ್ದೀರಿ. ಒಬ್ಬನನ್ನು ಉಳಿಸ್ಲಿಕ್ಕೆ ಹೇಳಿದ್ದಾರೆ."

ನಾನು ಬರೆದೆ. 'ಚಿತ್ರದ ಅರ್ಥ ಹೇಳುವವನು ಮಂತ್ರಿಯ ಪರವಾಗಿ ಹೀಗೆಂದನು' ಎಂದು ಬರೆದು, ಕೆಳಗೆ ನನ್ನ ಮಾತನ್ನು ಇಟ್ಟೆ. ಬರೆದು ಓದಿದಾಗ ಅದು ಅವರದೇ ಮಾತಿನಂತೆ ಕಂಡಿತು. ಹಾಗೆ ಕಾಣದೆ ಇನ್ನೇನು? ಕಲಿಸಿದವರು ಅವರೇ ತಾನೆ.

ವಿಚಾರಣೆಯ ದಿನ ಅಣ್ಣ ಒಗೆದ ಅಂಗಿ ತೊಟ್ಟು ಬಂದಿದ್ದರು. ನಮ್ಮ ಕಚೇರಿಯ ಬಿಳಿಯ ದೊರೆಗೆ ಕನ್ನಡ ಬಾರದು. ಎರಡೂ ಕಡೆಯ ಮಾತನ್ನು ದಾಟಿಸಲು ನನ್ನನ್ನೇ ನಿಲ್ಲಿಸಿದ್ದರು. ಕಾಗದದಲ್ಲಿದ್ದುದನ್ನು ನಾನು ಗಟ್ಟಿಯಾಗಿ ಓದಿದೆ. ಹಗಲಿನಲ್ಲಿ, ಜನರ ಮುಂದೆ, ಆ ಮಾತನ್ನು ನಾನು ಹೇಳಿದ್ದು ಅದೊಂದೇ ಸಲ.

ಅಣ್ಣ ನನ್ನನ್ನು ನೋಡಲಿಲ್ಲ. "ರಾಜನ ಪ್ರಶ್ನೆ ನನ್ನದು ಸ್ವಾಮಿ. ಮಂತ್ರಿಯ ಉತ್ತರ ನನ್ನದಲ್ಲ," ಎಂದರು.

ಹಾಗಾದರೆ ಯಾರದು ಎಂದು ದೊರೆ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಕೇಳಿದೆ.

"ಅದನ್ನು ಅವನೇ ಹೇಳಬೇಕು ಸ್ವಾಮಿ," ಎಂದರು ಅಣ್ಣ. ಹೇಳಿ ನಿಲ್ಲಿಸಿದರು.

ದೊರೆ ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ, ಇವರ ಬಳಿ ಉತ್ತರವಿಲ್ಲ ಎಂದೆ.

ಜೈಲು ಆಗಲಿಲ್ಲ. ಆ ಮನುಷ್ಯ ಅಲ್ಲಿದ್ದರೆ ಡೇರೆಗೆ ಪರವಾನಗಿ ಇಲ್ಲ ಎಂದರು; ಯಜಮಾನ ಅದೇ ವಾರ ಅವರನ್ನು ಕೆಲಸದಿಂದ ಬಿಡಿಸಿದ. ಇನ್ನು ಮುಂದೆ ಹೇಳುವ ಮಾತನ್ನೆಲ್ಲ ಬರೆದು ಮೊದಲೇ ಕಚೇರಿಗೆ ಒಪ್ಪಿಸಬೇಕು ಎಂಬ ಅಪ್ಪಣೆಯಾಯಿತು. ಅದನ್ನು ಓದಿ, ಬೇಡದ ಸಾಲಿಗೆ ಕೆಂಪು ಶಾಯಿ ಎಳೆಯುವ ಕೆಲಸ ಖಾಯಂ ಗುಮಾಸ್ತನಾದ ನನಗೆ ಬಂತು. ಅಣ್ಣನ ಜಾಗಕ್ಕೆ ಹೊಸದಾಗಿ ಬಂದವನು ಕಾಗದ ನೋಡಿ ಓದುತ್ತಿದ್ದ. ಹೊಯಿಗೆಯಲ್ಲಿ ಕುಳಿತವರು ಕೆಮ್ಮುತ್ತಿದ್ದರು, ಮಾತಾಡಿಕೊಳ್ಳುತ್ತಿದ್ದರು. ಒಂದು ಸಲ ಹೋಗಿ ಅರ್ಧಕ್ಕೇ ಎದ್ದು ಬಂದೆ. ಭಾನುವಾರದ ಜಗಲಿಯನ್ನೂ ಬಿಟ್ಟೆ. ಅವರ ಮನೆಯ ಮುಂದೆ ಹಾಯಬಾರದೆಂದು ಗುಡ್ಡದ ಆಚೆಯ ದಾರಿಯಲ್ಲಿ ಸುತ್ತಿ ಬರುತ್ತಿದ್ದೆ. ಕೆಲವು ತಿಂಗಳ ಮೇಲೆ ಆ ಮನೆಗೆ ಬೇರೆ ಒಕ್ಕಲು ಬಂತು. ಅಣ್ಣ ಅತ್ತಿಗೆಯ ತವರಿಗೆ, ಉಳ್ಳಾಲದ ಕಡೆಗೆ ಹೋದರು ಎಂದರು.

ಎರಡು ವರ್ಷದ ನಂತರ ನೆಂಟರ ಮನೆಯ ಮದುವೆಗೆ ಉಳ್ಳಾಲಕ್ಕೆ ಹೊರಟೆ. ಹೊಳೆ ದಾಟುವ ಕಡವಿನಲ್ಲಿ, ದೂರದಿಂದಲೇ ಆ ಸ್ವರ ಕೇಳಿತು. "ಉಳ್ಳಾಲಕ್ಕೆ ಬರುವವರು ಬನ್ನಿ, ಇನ್ನು ನಾಲ್ಕೇ ಜನ!" ದೋಣಿಗೆ ಜನ ಕೂಗುವುದು ಈಗ ಅವರ ಕೆಲಸ. ಹಿಂದೆ ತಿರುಗಬಹುದಿತ್ತು. ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಹತ್ತಿದೆ. ಅವರು ನನಗೆ ಕೂರಲು ಹಲಗೆ ಒರೆಸಿಕೊಟ್ಟರು.

ನಡುಹೊಳೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು, "ಎಂತ, ಇವತ್ತು ರಾಜ ಬರಲಿಲ್ಲವಾ? ಜ್ವರವಾ ಅವನಿಗೆ?" ಎಂದು ಅವರನ್ನು ಕೆಣಕಿದಳು. ದೋಣಿಯಲ್ಲಿ ಕತೆ ಹೇಳುವುದು ರೂಢಿಯಾಗಿತ್ತು ಎಂದು ಕಾಣುತ್ತದೆ. ಅಣ್ಣ ನಕ್ಕರು. ದೋಣಿ ನೂಕುವ ಜಲ್ಲೆಯ ಮೇಲೆ ಕೈ ಊರಿ, ಅದೇ ಸ್ವರ ತೆಗೆದರು.

"ಇವರು ಹಸಿವು ಹಸಿವು ಎನ್ನುತ್ತಾರಲ್ಲ, ಹಸಿವು ಎಂದರೇನು, ಮಂತ್ರಿ?"

ನಿಲ್ಲಿಸಿದರು. ನೀರಿನ ಕಡೆ ನೋಡುತ್ತಿದ್ದರು. ನಾನು ಒಂದು ಉಸಿರು ಎಣಿಸಿದೆ. ಬಾಯಿ ತೆರೆದೆ. ಎಲ್ಲರ ಮುಖದ ಮೇಲೂ ಬೆಳಗಿನ ಬಿಸಿಲು ಇತ್ತು. ಎರಡನೆಯ ಉಸಿರೂ ಮುಗಿಯಿತು.

"ನಿಮ್ಮ ರಾಜನನ್ನು ಒಂದು ದಿನ ನಮ್ಮ ಮನೆಗೆ ಕಳಿಸಿ, ನಾನೇ ಗೊತ್ತು ಮಾಡಿಸ್ತೇನೆ!" ಎಂದಳು ಮೀನಿನವಳು. ದೋಣಿ ಅಲುಗುವಷ್ಟು ನಗು. ಅಣ್ಣನೂ ಕಣ್ಣೊರೆಸಿಕೊಂಡು ನಕ್ಕರು.

ದಡ ಬಂತು. ಕೆಸರಿನಲ್ಲಿ ಹಲಗೆ ಹಾಕಿ, ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿದರು. ಕೊನೆಯವನು ನಾನು. ನನ್ನ ಕೈಯನ್ನೂ ಹಿಡಿದರು.

"ಜಾರ್ತದೆ ಸ್ವಾಮಿ," ಎಂದರು, "ನೋಡಿ ಇಳಿಯಿರಿ."