ಅಬ್ಬಾನ ಬ್ರೇಕು, ನನ್ನ ಗುಳಿಗೆ

ನನ್ನ ನಿದ್ದೆಯ ಬಗ್ಗೆ ಬುದ್ಧಿ ಹೇಳುವವರನ್ನು ಕಂಡರೆ ಮೈಯೆಲ್ಲಾ ಉರಿಯುತ್ತದೆ. ಹತ್ತೊಂಬತ್ತನೆಯ ವಯಸ್ಸಿಗೆ ಫಿಟ್ಸ್ ಶುರುವಾಯಿತು. ಎರಡು ಹೊತ್ತು ಗುಳಿಗೆ ನುಂಗತೊಡಗಿದ ಮೇಲೆ ಅದು ಇತ್ತ ತಲೆ ಹಾಕಲಿಲ್ಲ, ನಿಜ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣು ಎಳೆಯುತ್ತಿತ್ತು. ಕೊಟ್ಟೂರಿನಿಂದ ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತರೆ ಹನ್ನೊಂದಕ್ಕೇ ತೂಕಡಿಕೆ. ಒಮ್ಮೆ ಅರ್ಜಿ ಹಿಡಿದು ನಿಂತಿದ್ದವನೊಬ್ಬ ಕೌಂಟರ್ ಬಡಿದು, "ಅಕ್ಕಾ, ಏಳ್ರಿ, ಬೆಳಗಾತು" ಅಂದ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. "ಹಿಂಗಾ ಆದ್ರ ಮುಂದಿನ ವರ್ಷ ಕೆಲಸಕ್ಕ ಇಟ್ಕೊಳ್ಳಾಕ ಆಗಂಗಿಲ್ಲವ್ವ" ಅಂದರು.

ನರರೋಗದ ಡಾಕ್ಟರು ಬೆಳಿಗ್ಗೆಗೆಂದು ಎಚ್ಚರ ಇರಿಸುವ ಗುಳಿಗೆ ಬರೆದರು, ಅದೂ ಅರ್ಧ. "ಸಾಮಾನ್ಯವಾಗಿ ಇದರಿಂದ ಫಿಟ್ಸ್ ಹೆಚ್ಚೋದಿಲ್ಲ. ನಿಮಗೂ ಹಾಗೇ ಅಂತ ಗ್ಯಾರಂಟಿ ಕೊಡಲಾರೆ. ಹಳೇ ಗುಳಿಗೆ ಮಾತ್ರ ಒಂದು ಹೊತ್ತೂ ತಪ್ಪಬಾರದು" ಅಂದರು.

ಎರಡು ವಾರ ಏನು ಸುಖ ಅಂತೀರಿ! ಬಸ್ಸಿನ ಕಿಟಕಿಯಿಂದ ಜೋಳದ ಹೊಲಗಳನ್ನು ಕಣ್ತುಂಬ ನೋಡಿದೆ.

ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದ ನಮ್ಮ ಅಬ್ಬಾನಿಗೆ ಮಾತ್ರ ಸಮಾಧಾನವಿಲ್ಲ. "ಒಂದು ಮಲಗಸತೈತಿ, ಒಂದು ಎಬ್ಬಸತೈತಿ. ಬ್ರೇಕು, ಆಕ್ಸಿಲರೇಟರು ಒಮ್ಮೆಗೇ ತುಳಿದ್ರ ಇಂಜಿನ್ ಏನಾಗಬೇಕು ಬೇಟಿ? ಮುಂಜಾನಿ ಹೊಸಾದು ಅಷ್ಟಾ ತಗೋ."

"ನೀವು ಡಾಕ್ಟರ್ಕಿ ಶುರು ಮಾಡಬ್ಯಾಡ್ರಿ" ಎಂದು ರೇಗಿದೆ. ಆದರೆ ನಾನೂ ಗ್ಯಾರೇಜಿನ ಮನೆಯಲ್ಲಿ ಬೆಳೆದವಳಲ್ಲವೇ? ಆ ಮಾತು ತಲೆಗೆ ಹೊಕ್ಕಿತು. ಅಬ್ಬಾನಿಗೂ ಹೇಳದೆ ನಾಲ್ಕು ದಿನ ಬೆಳಗಿನ ಹಳೇ ಗುಳಿಗೆ ಬಿಟ್ಟೆ.

ಐದನೆಯ ದಿನ ಕಚೇರಿಯಲ್ಲೇ ಬಿದ್ದೆ. ಕಣ್ಣು ಬಿಟ್ಟಾಗ ನಾಲಗೆ ಕಚ್ಚಿಹೋಗಿತ್ತು, ಮುಷ್ಟಿಯಲ್ಲಿ ಯಾರೋ ತುರುಕಿದ್ದ ಬೈಕಿನ ಕೀಲಿ ಇತ್ತು.

"ಹಳೇ ಗುಳಿಗೆ ಬಿಟ್ಟಿದ್ದಿರಾ?" ಡಾಕ್ಟರು ಕೇಳಿದರು. ಪಕ್ಕದಲ್ಲಿ ಅಬ್ಬಾ. ಎಷ್ಟು ತೊಳೆದರೂ ಗ್ರೀಸು ಹೋಗದ ಆ ಕೈಯಲ್ಲಿ ನನ್ನ ಔಷಧಿ ಚೀಟಿ ಹಿಡಿದು ಕೂತಿದ್ದರು. ಹೌದು ಅಂದರೆ, ಬೀಳಿಸಿದ್ದು ತಾನೇ ಎಂದು ಈ ಮನುಷ್ಯ ಸಾಯುವವರೆಗೆ ಕೊರಗುತ್ತಾರೆ.

"ಇಲ್ರಿ" ಅಂದೆ.

ಹಾಗಾದರೆ ಇದು ನಿಮಗೆ ಒಗ್ಗಲಿಲ್ಲ ಎಂದು ಡಾಕ್ಟರು ಹೊಸ ಗುಳಿಗೆ ನಿಲ್ಲಿಸಿದರು. ಹೊರಗೆ ಬಂದ ಕೂಡಲೇ ಅಬ್ಬಾ, "ನಾ ಹೇಳಿದಂಗ ಕೇಳಿದ್ರ ಹಿಂಗ ಆಗತಿತ್ತಾ?" ಅಂದರು. ಸಿಟ್ಟು ಉಕ್ಕಿ ಬಂತು, ಅಳುವೂ ಬಂತು.

ಈಗ ಎರಡೂ ಹೊತ್ತು ಹಳೇ ಗುಳಿಗೆ, ಮತ್ತೆ ಅದೇ ತೂಕಡಿಕೆ. ಬಸ್ಸಿನಲ್ಲಿ ಒಬ್ಬಳೇ ಬೇಡವೆಂದು ಅಬ್ಬಾ ಬೈಕಿನಲ್ಲಿ ಕಚೇರಿಗೆ ಬಿಡುತ್ತಾರೆ. ನಾನು ಜಾರದಂತೆ ಅಮ್ಮಿಯ ಹಳೇ ದುಪಟ್ಟಾದಿಂದ ನನ್ನನ್ನು ತಮ್ಮ ನಡುವಿಗೆ ಬಿಗಿದುಕೊಂಡು, "ನಿದ್ದಿ ಬಂದ್ರ ಮಲಕ್ಕೋ ಬೇಟಿ, ನಾ ಎಚ್ಚರ ಅದೀನಿ" ಅನ್ನುತ್ತಾರೆ. ಇವತ್ತು ಹೇಳಿಬಿಡಬೇಕು ಎಂದು ಅವರ ಬೆನ್ನಿಗೆ ಮುಖವಿಡುತ್ತೇನೆ. ಅಷ್ಟರಲ್ಲಿ ಕಣ್ಣು ಎಳೆಯುತ್ತದೆ.