ಬಾವಿಗಿಳಿದ ರಾಗಿ

೧೯೭೭ರ ನವೆಂಬರ್‌ನಲ್ಲಿ ಆಂಧ್ರದ ಕರಾವಳಿಗೆ ಚಂಡಮಾರುತ ಬಡಿದಾಗ ನಾನು ಮುಳಬಾಗಿಲು ಬ್ಲಾಕ್ ಆಫೀಸಿನಲ್ಲಿ ಕೃಷಿ ವಿಸ್ತರಣಾಧಿಕಾರಿಯಾಗಿದ್ದೆ. ಬಿ.ಎಸ್ಸಿ. ಅಗ್ರಿ ಮುಗಿಸಿ ಕೆಲವೇ ವರ್ಷಗಳಾಗಿದ್ದವು. ಬಿತ್ತನೆ ಬೀಜ, ಗೊಬ್ಬರ, ಪಂಪ್‌ಸೆಟ್ ಸಾಲದ ಶಿಫಾರಸು, ಇಷ್ಟೇ ನನ್ನ ಪ್ರಪಂಚ. ಸಮುದ್ರವನ್ನು ಅಲ್ಲಿಯವರೆಗೆ ಕಣ್ಣಿಂದ ಕಂಡಿರಲಿಲ್ಲ. ಆದರೂ ಪರಿಹಾರ ತಂಡದ ಸಂಯೋಜಕನಾಗಿ ನನ್ನನ್ನೇ ಆರಿಸಿದರು. ತೆಲುಗು ಬರುತ್ತದೆ, ಡೀಸೆಲ್ ಪಂಪಿನ ಮರ್ಮ ಗೊತ್ತು ಎಂಬುದು ಹೊರಗೆ ಹೇಳಿದ ಕಾರಣ. ನಮ್ಮ ಹೆಡ್ ಕ್ಲರ್ಕ್ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: "ನಿಮ್ಗಿನ್ನೂ ಮದುವೆ ಆಗಿಲ್ಲವಲ್ಲ ಸಾರ್. ಹೋಗಿಬನ್ನಿ."

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಮನೆ ಸುತ್ತಿ ಸಂಗ್ರಹ ನಡೆಯಿತು. ಕೇಳಿದವರೆಲ್ಲ ಕೊಟ್ಟರು. ಕೊಟ್ಟಿದ್ದೆಲ್ಲ ರಾಗಿ. ಅದೂ ಹಿಟ್ಟಲ್ಲ, ಇಡೀ ಕಾಳು. "ಅವರು ಅನ್ನ ಉಣ್ಣೋ ಜನ, ಅಕ್ಕಿ ಕೊಡಿ, ಇಲ್ಲ ಕೊನೇಪಕ್ಷ ಹಿಟ್ಟು ಮಾಡಿಸಿ ಕೊಡಿ" ಎಂದು ನಾನು ವೇಮಗಲ್‌ನಲ್ಲಿ ಅಂಗಲಾಚಿದೆ. ಅಲ್ಲಿನ ಹಿರಿಯರೊಬ್ಬರು ನನ್ನನ್ನು ಮರುಕದಿಂದ ನೋಡಿದರು. "ಹಿಟ್ಟು ಮುಗ್ಗಲು ಹಿಡೀತದೆ ಕಣಪ್ಪಾ. ಕಾಳಾದ್ರೆ ಹತ್ತು ವರ್ಷ ಇಟ್ರೂ ಹುಳ ಮುಟ್ಟಲ್ಲ. ಕಷ್ಟದಲ್ಲಿರೋರಿಗೆ ಕೆಡೋ ಪದಾರ್ಥ ಕೊಡ್ತಾರಾ?" ನಮ್ಮ ಸೀಮೆಯಲ್ಲಿ ಇದಕ್ಕೆ ಎದುರು ಮಾತಿಲ್ಲ. ಹಾಗೆ ಒಂದು ಲಾರಿ ತುಂಬ ರಾಗಿಯ ಅರೆಮೂಟೆಗಳು, ಇನ್ನೊಂದರಲ್ಲಿ ಮೂರು ಡೀಸೆಲ್ ಪಂಪುಗಳು, ಹಗ್ಗ, ಬುಟ್ಟಿ ಮತ್ತು ಬಾವಿ ಕೆಲಸದ ನಾಲ್ವರು.

ಆ ನಾಲ್ವರ ಮುಖ್ಯಸ್ಥ ವಕ್ಕಲೇರಿಯ ಮೇಸ್ತ್ರಿ ಚೌಡಪ್ಪ. ಬಂಡೆ ಸೀಳಿ ಐವತ್ತು ಅಡಿ ಬಾವಿ ತೋಡುವವನು. ಅವನ ಜೊತೆ ಹುತ್ತೂರಿನ ಮುನಿವೆಂಕಟ, ಚೌಡಪ್ಪನ ಹೆಂಡತಿಯ ತಮ್ಮ. ಭಾವ ಭಾಮೈದ ಇಬ್ಬರೂ ಒಬ್ಬರನ್ನೊಬ್ಬರು ಕೆಣಕದೆ ಒಂದು ಮೈಲಿಯೂ ಪ್ರಯಾಣ ಮಾಡಲಿಲ್ಲ.

"ಏನ್ಲಾ ಮುನಿವೆಂಕ್ಟಾ, ಸಮುದ್ರ ನೋಡಿ ಹೆದರಿ ಉಚ್ಚೆ ಹುಯ್ಕೊಂಬಿಟ್ಟೀಯ."

"ಅದೂ ಉಪ್ಪೇ ಅಲ್ವಾ ಭಾವಾ, ಬೆರೆತುಹೋಗ್ತದೆ ಬಿಡು."

ಶಿಬಿರ ಕಡಲಿನಿಂದ ಕೆಲವು ಮೈಲಿ ಒಳಗಿತ್ತು. ಅಲ್ಲಿಗೆ ತಲುಪುವ ಮೊದಲೇ ನಗು ನಿಂತುಹೋಗಿತ್ತು. ರಸ್ತೆಯ ಇಕ್ಕೆಲದಲ್ಲಿ ತಾಳೆಮರಗಳು ಒಂದೇ ದಿಕ್ಕಿಗೆ ಮಲಗಿದ್ದವು. ಅವುಗಳ ನಡುವೆ ಏನು ಬಿದ್ದಿತ್ತೆಂಬುದನ್ನು ನಾನು ಬರೆಯುವುದಿಲ್ಲ. ರಸ್ತೆಯಂಚಿನಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಹಳೆ ಬಟ್ಟೆಗಳ ರಾಶಿ ಕೊಳೆಯುತ್ತಿತ್ತು. ಆ ಸೆಕೆಯ ಸೀಮೆಗೆ ಯಾರೋ ಉಣ್ಣೆಯ ಸ್ವೆಟರುಗಳನ್ನು ಕಳಿಸಿದ್ದರು. ಶಿಬಿರದ ಅಧಿಕಾರಿ ನಮ್ಮ ಲಾರಿಗಳನ್ನು ನೋಡಿ, "ಪಂಪು ಮುಂದೆ ಹೋಗಲಿ. ರಾಗಿ ಇಳಿಸಲು ಜಾಗವಿಲ್ಲ, ಲಾರಿಯಲ್ಲೇ ಇರಲಿ" ಎಂದರು. ಹಾಗಾಗಿ ರಾಗಿಯ ಲಾರಿ ನಾವು ಹೋದಲ್ಲೆಲ್ಲ ನಮ್ಮ ಹಿಂದೆಯೇ ಬಂತು.

ನಮಗೆ ವಹಿಸಿದ್ದು ದಡಕ್ಕೆ ಹತ್ತಿರದ ಒಂದು ಪುಟ್ಟ ಹಳ್ಳಿ. ಉಕ್ಕಿಬಂದ ಕಡಲು ಅಲ್ಲಿನ ಎರಡು ಬಾವಿಗಳಲ್ಲಿ ಉಪ್ಪುನೀರನ್ನೂ ಸತ್ತ ದನಗಳನ್ನೂ ಬಿಟ್ಟುಹೋಗಿತ್ತು. ನೀರಿನ ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಿದ್ದ ತೆಂಗಿನಮರಗಳ ಎಳನೀರು ಮುಗಿಯುತ್ತ ಬಂದಿತ್ತು. ಆ ಊರಿಗೆ ಕುಡಿಯುವ ನೀರು ಬೇಕಿತ್ತು, ಅಷ್ಟೇ. ಬೇರೆ ಯಾವುದನ್ನೂ ಅವರು ನಮ್ಮಿಂದ ಕೇಳಲಿಲ್ಲ.

ಬಾವಿಯ ಪಕ್ಕದಲ್ಲೇ ಮನೆಯಿದ್ದವಳು ನಾಂಚಾರಮ್ಮ. ತುಂಬಿದ ಮನೆಯಲ್ಲಿ ಉಳಿದವರು ಆಕೆ ಮತ್ತು ಒಬ್ಬ ಮೊಮ್ಮಗಳು. ನಾನು ಒಂದು ಚೀಲ ಬಿಚ್ಚಿ ತೋರಿಸಿದಾಗ ಆಕೆ ರಾಗಿಯನ್ನು ಅಂಗೈಯಲ್ಲಿ ಆಡಿಸಿದಳು. "ಚೋಳ್ಳಾ? ವಿಸರಡಾನಿಕಿ ತಿರಗಲಿ ಏದಿ ಬಾಬೂ?" ರಾಗಿ ಗುರುತು ಸಿಕ್ಕಿತ್ತು, ಬೀಸುವ ಕಲ್ಲೆಲ್ಲಿ ಎಂದು ಕೇಳುತ್ತಿದ್ದಳು. ಬೀಸುಕಲ್ಲು, ಮಡಕೆ, ಒಣ ಸೌದೆ, ಯಾವುದೂ ಆ ಊರಿನಲ್ಲಿ ಉಳಿದಿರಲಿಲ್ಲ. ನಾನು ಚೀಲದ ಬಾಯಿ ಕಟ್ಟಿದೆ.

ನಮ್ಮ ಕಡೆ ಬಾವಿ ಶುದ್ಧ ಮಾಡುವುದಕ್ಕೆ ಒಂದೇ ನಿಯಮ: ತಳ ಕಾಣಬೇಕು. ಪಂಪ್ ಹಚ್ಚಿ ಕೊನೆಯ ಹನಿಯವರೆಗೆ ಎತ್ತಿ, ಇಳಿದು, ಕೆಸರು ಕೆರೆದು, ಬಂಡೆಯ ಸಂದಿನಿಂದ ಹೊಸ ನೀರು ಒಸರುವುದನ್ನು ಕಂಡ ಮೇಲೆಯೇ ಮೇಸ್ತ್ರಿ ಮೇಲೆ ಬರುವುದು. ಶಿಬಿರದ ಆದೇಶವೂ ಅದೇ ಆಗಿತ್ತು: ಪೂರ್ತಿ ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ. ಮೊದಲ ಬಾವಿಯನ್ನು ಹಾಗೆಯೇ ಮಾಡಿದೆವು. ಒಂದು ಹಗಲು ಪಂಪು ಓಡಿತು. ಮರುದಿನ ಬಾವಿ ತುಂಬಿತ್ತು, ನೀರು ಕನ್ನಡಿಯಂತೆ ತಿಳಿಯಾಗಿತ್ತು. ನಾಂಚಾರಮ್ಮ ಒಂದು ಬೊಗಸೆ ಬಾಯಿಗಿಟ್ಟು ಉಗುಳಿದಳು.

"ಗೊಡ್ಲು ಮಿಗಿಲುಂಟೇ ಅವಿ ಕೂಡಾ ತಾಗವು ಬಾಬೂ." ದನ ಉಳಿದಿದ್ದರೆ ಅವೂ ಇದನ್ನು ಕುಡಿಯುತ್ತಿರಲಿಲ್ಲ.

ನಾವು ಮುಟ್ಟುವ ಮೊದಲಿಗಿಂತ ಆ ನೀರು ಹೆಚ್ಚು ಉಪ್ಪಾಗಿತ್ತು. ಯಾಕೆಂದು ನಮಗೆ ತಿಳಿಯಲಿಲ್ಲ. ಶಿಬಿರಕ್ಕೆ ಹೋಗಿ ಹೇಳಿದರೆ, "ಇನ್ನೂ ಸ್ವಲ್ಪ ಎತ್ತಿ, ಎರಡನೇ ಬಾವಿಯನ್ನೂ ಬೇಗ ಮುಗಿಸಿ" ಎಂಬ ಉತ್ತರ ಬಂತು.

ಎರಡನೆಯ ಬಾವಿಯೇ ಆ ಊರಿಗೆ ಉಳಿದ ಕಡೆಯ ಆಸೆ. ಅದು ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಬಳೆಯಂತೆ ಜೋಡಿಸಿದ್ದ ಬಾವಿ. ಆಳ ಮೂರಾಳೂ ಇರಲಿಲ್ಲ. ಸುತ್ತ ಬರೀ ಮರಳು. ಚೌಡಪ್ಪ ಅದರ ಅಂಚನ್ನು ಕಾಲಿನಿಂದ ಒತ್ತಿ ನೋಡಿದ.

"ಸಾ, ನಮ್ಮ ಬಾವಿಗೆ ಬಂಡೆ ಐತೆ, ತಾನೇ ನಿಂತ್ಕೊಂತದೆ. ಇದು ನೀರಿನ ಮೇಲೇ ನಿಂತಿರೋ ಹಂಗದೆ. ಒರಗು ಕೊಡೋಕೆ ಹಲಗೆ ಬೇಕು."

ಆ ದಿನ ಉಳಿದಿದ್ದ ಡೀಸೆಲ್ ಪಂಪಿಗೇ ಬೇಕಿತ್ತು, ಹಾಗಾಗಿ ನಾನು ಲಾರಿ ಬಿಟ್ಟು ಸೈಕಲ್ಲೊಂದನ್ನು ಬೇಡಿ ಪಡೆದು ಶಿಬಿರಕ್ಕೆ ಹೋದೆ. ಉಗ್ರಾಣದಲ್ಲಿ ಹಲಗೆಗಳಿದ್ದವು. ಎಲ್ಲವೂ ಅಕ್ಕಿ ಮೂಟೆಗಳ ಕೆಳಗೆ ತೇವ ತಾಗದಂತೆ ಹಾಸಿದ್ದವು. ನಾನು ಕೇಳಿದೆ. ಉಗ್ರಾಣದವನು ಹೇಳಿದ: "ಅಕ್ಕಿ ನೆನೆದರೆ ನೀವು ಜವಾಬ್ದಾರರಾ?" ಅವನ ಮಾತು ಸುಳ್ಳಾಗಿರಲಿಲ್ಲ. ಮೇಲಿನವರನ್ನು ಕೇಳಿದೆ. ಅವರು ಇನ್ನೊಬ್ಬರ ಹೆಸರು ಹೇಳಿದರು. ಆ ಇನ್ನೊಬ್ಬರು ಊಟಕ್ಕೆ ಹೋಗಿದ್ದರು. ಅಲ್ಲಿ ಎಲ್ಲರ ಬಳಿಯೂ ಒಂದು ನ್ಯಾಯವಾದ ಕಾರಣವಿತ್ತು, ಹಲಗೆ ಕೊಡುವ ಅಧಿಕಾರ ಮಾತ್ರ ಯಾರ ಬಳಿಯೂ ಇರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆ.

ಹಳ್ಳಿ ಕಣ್ಣಿಗೆ ಬೀಳುವ ಮೊದಲೇ ಪಂಪಿನ ಸದ್ದು ಕೇಳಿತು. ನೀರಿಗಾಗಿ ಕಾದು ನಿಂತ ಊರವರ ಮುಖ ನೋಡಲಾರದೆ ಚೌಡಪ್ಪನ ಜನ ಕೆಲಸ ಶುರುಮಾಡಿಬಿಟ್ಟಿದ್ದರು. ನೀರು ತಳಕ್ಕಿಳಿದಿತ್ತು. ಮುನಿವೆಂಕಟ ಒಳಗಿಳಿದು ಬುಟ್ಟಿಗೆ ಕೆಸರು ತುಂಬುತ್ತಿದ್ದ. ನಾನು ಸೈಕಲ್ಲನ್ನು ಮರಕ್ಕೆ ಒರಗಿಸುತ್ತಿದ್ದಾಗ ಬಾವಿಯೊಳಗಿಂದ ಕಲ್ಲು ಕಲ್ಲಿಗೆ ಉಜ್ಜಿದಂಥ ಸದ್ದು ಬಂತು. ಆಮೇಲೆ ಅವನ ಕೂಗು.

ಬಗ್ಗಿ ನೋಡಿದೆ. ಕೆಳಗಿನ ಒಂದು ರಿಂಗು ಪಕ್ಕಕ್ಕೆ ವಾಲಿ ಅವನ ತೊಡೆಯನ್ನು ಹಿಡಿದುಕೊಂಡಿತ್ತು. ವಾಲಿದ ಕಡೆ ಬಿಟ್ಟ ಬಾಯಿಂದ ಮರಳು, ಒದ್ದೆ ಮರಳು, ಗಂಜಿಯಂತೆ ಸುರಿಯುತ್ತಿತ್ತು. ನೋಡನೋಡುತ್ತಲೇ ಅವನ ಸೊಂಟ ಮುಚ್ಚಿತು.

"ಮಿಷನ್ ನಿಲ್ಸೋ!" ಚೌಡಪ್ಪ ಅರಚಿದ. ಪಂಪು ನಿಂತಿತು. ಮರಳೂ ನಿಂತಿತು. ಆದರೆ ನೀರು ಏರತೊಡಗಿತು, ಹೊಟ್ಟೆಗೆ, ಎದೆಗೆ. ಬಾವಿಯ ಮೊದಲಿನ ನೀರಿನ ಮಟ್ಟ ಅವನ ತಲೆಗಿಂತ ಮೇಲಿತ್ತು, ಅದರ ಪಾಚಿಗೆರೆ ಗೋಡೆಯ ಮೇಲೆ ನಮ್ಮೆಲ್ಲರ ಕಣ್ಣಿಗೂ ಕಾಣುತ್ತಿತ್ತು.

"ಓಡ್ಸೋ! ಓಡ್ಸೋ!"

ಪಂಪು ಓಡಿತು. ನೀರು ಇಳಿಯಿತು. ಮರಳು ಮತ್ತೆ ಸುರಿಯಿತು. ನಿಲ್ಲಿಸಿದರೆ ನೀರು, ಓಡಿಸಿದರೆ ಮರಳು. ಎರಡು ಸಲ ನಿಲ್ಲಿಸಿ ಎರಡು ಸಲ ಓಡಿಸಿದೆವು. ಪ್ರತಿ ಸಲವೂ ಅವನು ಹಿಂದಿಗಿಂತ ಸ್ವಲ್ಪ ಹೆಚ್ಚು ಮುಚ್ಚಿಹೋಗಿದ್ದ. ಹಗ್ಗ ಎಳೆದರೆ ನೋವಿಗೆ ಕಿರುಚಿಕೊಂಡ.

"ಆ ಬಾಯಿಗೆ ಏನಾದ್ರೂ ಅಡ್ಡ ಇಡ್ರೋ! ಹಲಗೆ ಎಲ್ಲಿ ಸಾ?" ಎಂದ ಕೆಳಗಿನಿಂದ.

ಹಲಗೆ ಅಕ್ಕಿಯ ಕೆಳಗಿತ್ತು. ನನ್ನ ಬೆನ್ನ ಹಿಂದೆ, ಹತ್ತು ಮಾರು ದೂರದಲ್ಲಿ, ರಾಗಿಯ ಲಾರಿ ನಿಂತಿತ್ತು.

"ರಾಗಿ ಮೂಟೆ ಇಳಿಸಿ" ಎಂದೆ.

ಯಾರೂ ಅಲುಗಲಿಲ್ಲ. ಚೌಡಪ್ಪ ನನ್ನ ಮುಖ ನೋಡಿದ. ಮತ್ತೊಮ್ಮೆ ಕೂಗಿದ ಮೇಲೆ ಲಾರಿ ಡ್ರೈವರ್ ಮೊದಲು ಓಡಿದ, ಉಳಿದವರು ಅವನ ಹಿಂದೆ. ಹಗ್ಗ ಬಿಗಿದು ಅರೆಮೂಟೆಗಳನ್ನು ಒಂದೊಂದಾಗಿ ಇಳಿಸಿದೆವು. ಚೌಡಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಜೊತೆಗೇ ಇಳಿದ. ಮೂಟೆಗಳು ಮರಳು ಸುರಿಯುವ ಬಾಯಿಗೆ ಬಂದು ಕೂತವು, ಆದರೆ ಅಲ್ಲಿಯೇ ತೇಲಿದಂತೆ ಅಲ್ಲಾಡಿದವು. ಅವನ್ನು ಕಾಲಲ್ಲಿ ತುಳಿದು ಸಂದಿಗೆ ಗಿಡಿಯಬೇಕಿತ್ತು.

ಚೌಡಪ್ಪ ಅಲ್ಲಿ ನಿಂತುಬಿಟ್ಟ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದ ಅಂಚಿನಲ್ಲೇ ಚಪ್ಪಲಿ ಬಿಡುವ ಜನ ನಾವು. ರಾಶಿ ಮಾಡಿದ ರಾಗಿಗೆ ಪೂಜೆ ಮಾಡುವವರು. ಒಂದು ಕಾಳು ಕಾಲಿಗೆ ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ಚೌಡಪ್ಪ ಆ ಹೊತ್ತಿನಲ್ಲೂ ಬಗ್ಗಿ ಮೂಟೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಒಂದು ಮೂಟೆ. ಆಮೇಲೆ ಇನ್ನೊಂದು. ಮೇಲೆ ನಿಂತ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ, ಎದೆಯವರೆಗೆ ಹೂತಿದ್ದ ಮುನಿವೆಂಕಟ ಕೂಗಿದ:

"ಲೇ ಭಾವಾ, ತುಳಿಯೋ! ಪಾಪ ನನ್ಗೇ ಬರ್ಲಿ, ತುಳಿ! ನಾನ್ ಸತ್ರೆ ನಮ್ಮಕ್ಕಂಗೆ ಏನ್ ಹೇಳ್ತೀಯ, ರಾಗಿಗೆ ಕೈ ಮುಗೀತಾ ಇದ್ದೆ ಅಂತೀಯಾ?"

ಚೌಡಪ್ಪ ತುಳಿದ. ಅಳುತ್ತ, ತೆಲುಗಿನಲ್ಲೂ ಕನ್ನಡದಲ್ಲೂ ಬೈಯುತ್ತ, ತನ್ನ ಮೈಭಾರವನ್ನೆಲ್ಲ ಹಾಕಿ ತುಳಿದ. ರಾಗಿ ಸಣ್ಣ ಕಾಳು. ಸಂದು ಯಾವ ಆಕಾರದ್ದೋ ಚೀಲವೂ ಆ ಆಕಾರಕ್ಕೆ ಬಂತು. ಒಂಬತ್ತೋ ಹತ್ತೋ ಮೂಟೆ ಇಳಿದ ಮೇಲೆ ಮರಳು ಸುರಿಯುವುದು ನಿಂತಿತು. ಪಂಪಿನ ವೇಗ ಅರ್ಧಕ್ಕಿಳಿಸಿ ನೀರನ್ನು ಮುನಿವೆಂಕಟನ ಎದೆಯಿಂದ ಮೇಲೇರದಂತೆ ಹಿಡಿದಿಟ್ಟೆವು. ಚೌಡಪ್ಪ ಕೈಯಿಂದಲೇ ಮರಳು ಬಗೆದು, ತೊಡೆಯ ಮೇಲಿನ ರಿಂಗಿನ ಅಂಚನ್ನು ಹಾರೆಯಿಂದ ಮೀಟಿದ. ಊರವರೂ ಹಗ್ಗ ಹಿಡಿದರು. ಮುನಿವೆಂಕಟನನ್ನು ಮೇಲಕ್ಕೆಳೆದುಕೊಂಡೆವು.

ಮರಳ ಮೇಲೆ ಬಿದ್ದುಕೊಂಡು ಮುನಿವೆಂಕಟ ಆಡಿದ ಮೊದಲ ಮಾತು ನನಗೆ ಈಗಲೂ ಕೇಳಿಸುತ್ತದೆ. "ನಮ್ಮಕ್ಕನ್ನ ನಿನ್ಗೆ ಕೊಟ್ಟಿದ್ದು ದಂಡ ಆಗ್ಲಿಲ್ಲ ಬಿಡು." ಪಂಪನ್ನು ನಿಲ್ಲಿಸುವುದು ನಮಗಾರಿಗೂ ಹೊಳೆದಿರಲಿಲ್ಲ. ನಾಂಚಾರಮ್ಮ ಬಂದು ನಿಲ್ಲಿಸಿದಳು. "ಮನಿಷಿ ಬತಿಕಾಡು, ಚಾಲು" ಎಂದಳು. ಮನುಷ್ಯ ಉಳಿದ, ಸಾಕು. ಆಮೇಲೆ ಬಾವಿಯೊಳಗೆ ಬಗ್ಗಿ, ಅಲ್ಲಿ ನೀರಿನಲ್ಲಿ ಮುಳುಗುತ್ತಿದ್ದ ರಾಗಿ ಮೂಟೆಗಳನ್ನು ಬಹಳ ಹೊತ್ತು ನೋಡಿದಳು. ನೀರು ಕೊಡಲು ಬಂದ ನಾವು ಅವರ ಕಡೆಯ ಬಾವಿಯನ್ನು ರಾಗಿ ತುಂಬಿ ಮುಚ್ಚಿದ್ದೆವು.

ಮರುದಿನ ಬೆಳಗ್ಗೆ ಹಲಗೆಗಳು ಬಂದವು. ಅವುಗಳ ಜೊತೆ ಶಿಬಿರದ ಅಧಿಕಾರಿಯೂ ಬಂದರು. ನಿದ್ದೆಯಿಲ್ಲದೆ ಕೆಂಪಾದ ಕಣ್ಣು. ಬಾವಿ ನೋಡಿ ಕೇಳಿದರು: "ಆಹಾರಧಾನ್ಯವನ್ನು ಬಾವಿಗೆ ಹಾಕಲು ಯಾರು ಹೇಳಿದರು?" ನಾನೇ ಎಂದೆ. ಅವರು ಮತ್ತೇನೂ ಕೇಳಲಿಲ್ಲ. ನಾನೂ ಹಲಗೆಯ ಮಾತೆತ್ತಲಿಲ್ಲ. ಇಬ್ಬರಿಗೂ ಜಗಳವಾಡುವ ತ್ರಾಣವಿರಲಿಲ್ಲ.

ಅವರ ಜೀಪಿನ ಹಿಂದಿನ ಸೀಟಿನಿಂದ ಇನ್ನೊಬ್ಬರು ಇಳಿದರು. ಭೂಗರ್ಭಜಲದ ತಜ್ಞರು. ಅವರು ವಿವರಿಸಿದ್ದು ಇಷ್ಟು: ಕಡಲಂಚಿನ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ನಿಂತಿರುತ್ತದೆ. ಪಂಪ್ ಹಚ್ಚಿ ತಳ ಕಾಣಿಸಿದರೆ ಕೆನೆ ಹೋಗಿ ಕೆಳಗಿನ ಉಪ್ಪು ಮೇಲೇರುತ್ತದೆ. ಒಳಗಿನ ನೀರು ಖಾಲಿಯಾದರೆ ರಿಂಗಿಗೆ ಆಸರೆಯೂ ಹೋಗುತ್ತದೆ. ಮಾಡಬೇಕಾದ್ದೆಂದರೆ ದಿಬ್ಬದ ಮೇಲೆ, ಉಕ್ಕಿಬಂದ ಕಡಲ ನೀರು ನಿಲ್ಲದಿದ್ದ ಕಡೆ, ಆಳವಲ್ಲದ ಗುಂಡಿ ತೋಡಿ ಬಿಂದಿಗೆಯಲ್ಲಿ ಮೆಲ್ಲಗೆ ಮೊಗೆಯುವುದು. ಚೌಡಪ್ಪನ ಜನ ಅರ್ಧ ದಿನದಲ್ಲಿ ಅಂಥ ಗುಂಡಿ ತೋಡಿದರು. ನೀರು ಚಪ್ಪೆಯಾಗಿತ್ತು, ಆದರೆ ಕುಡಿಯಬಹುದಿತ್ತು. ನಾಂಚಾರಮ್ಮ ಉಗುಳದೆ ನುಂಗಿದಳು, ಮೊಮ್ಮಗಳಿಗೂ ಕುಡಿಸಿದಳು. ಪಂಪು ಬೇಕಾಗಲೇ ಇಲ್ಲ.

"ಸಾರ್, ನೀವು ಯಾವಾಗ ಬಂದಿರಿ?" ಎಂದು ತಜ್ಞರನ್ನು ಕೇಳಿದೆ.

"ನಿಮಗಿಂತ ಮೊದಲೇ. ಶಿಬಿರದಲ್ಲೇ ಕೂತಿದ್ದೆ. ಓಡಾಡಲು ವಾಹನ ಸಿಗಲಿಲ್ಲ."

ಅಷ್ಟು ದಿನವೂ ನಮ್ಮ ಲಾರಿ, ಯಾರಿಗೂ ಬೇಡದ ರಾಗಿ ಹೊತ್ತು, ಅದೇ ಶಿಬಿರದ ಬಾಗಿಲಿಂದ ಹಳ್ಳಿಗೆ, ಹಳ್ಳಿಯಿಂದ ಬಾಗಿಲಿಗೆ ಓಡಾಡುತ್ತಿತ್ತು. ಡ್ರೈವರ್ ಪಕ್ಕದ ಸೀಟು ಖಾಲಿಯೇ ಇತ್ತು. ನನ್ನ ಸಿಟ್ಟು ಇಂದಿಗೂ ಆರದಿರುವುದು ಆ ಖಾಲಿ ಸೀಟಿನ ಮೇಲೆ.

ಎಂಬತ್ತರ ದಶಕದಲ್ಲಿ ನಾನು ಮಾಲೂರಿನಲ್ಲಿದ್ದಾಗ ಮತ್ತೊಮ್ಮೆ ಕರಾವಳಿಗೆ ಬಿರುಗಾಳಿ ಬಂತು, ಮತ್ತೊಮ್ಮೆ ಸಂಗ್ರಹ ಶುರುವಾಯಿತು. ಲಾರಿ ಹೊರಡಿಸುವ ಮೊದಲು ಒಬ್ಬನನ್ನು ಬಸ್ಸಿನಲ್ಲಿ ಕಳಿಸಿ ಏನು ಬೇಕೆಂದು ಕೇಳಿಸೋಣ ಎಂದೆ. "ಜನ ಸಾಯ್ತಿರುವಾಗ ಕೇಳ್ತಾ ಕೂರೋದಾ?" ಎಂದು ಸಭೆಯಲ್ಲಿ ನನ್ನ ಮೇಲೆ ಹರಿಹಾಯ್ದರು. ಆದರೂ ಹಟ ಹಿಡಿದು ಒಬ್ಬನನ್ನು ಕಳಿಸಿದೆ. ಕೊಡುವ ಕೈಗಿಂತ ಮೊದಲು ಕೇಳುವ ಬಾಯಿ ಹೋಗಬೇಕು ಎಂಬುದೊಂದೇ ಈ ಕೆಲಸ ನನಗೆ ಕಲಿಸಿದ್ದು. ಅದನ್ನು ಇನ್ನೊಬ್ಬರಿಗೆ ಕಲಿಸಲು ಸರ್ವಿಸ್ ಪೂರ್ತಿ ಸಾಲಲಿಲ್ಲ.

ಮುನಿವೆಂಕಟ ಊರಿಗೆ ಬಂದ ಮೇಲೆ ಬಾವಿಗಿಳಿಯಲಿಲ್ಲ. ಹುತ್ತೂರಿನಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕಿದ. ನಾನು ನಿವೃತ್ತನಾಗಿ ಶ್ರೀನಿವಾಸಪುರದಲ್ಲಿದ್ದೇನೆ. ಸುತ್ತ ಮಾವಿನ ತೋಪುಗಳು, ಹಗಲೆಲ್ಲ ಎಲ್ಲೋ ಒಂದು ಕಡೆ ಪಂಪು ಓಡುತ್ತಿರುತ್ತದೆ. ಆ ಸದ್ದು ನನಗೆ ತೊಂದರೆ ಕೊಡುವುದಿಲ್ಲ. ಕರೆಂಟು ಹೋಗಿ ಪಂಪು ತಟ್ಟನೆ ನಿಂತಾಗ ಮಾತ್ರ ಕೈಯಲ್ಲಿದ್ದ ಕೆಲಸ ಹಾಗೆಯೇ ನಿಂತುಬಿಡುತ್ತದೆ. ನೀರು ಈಗ ಎಲ್ಲಿಯವರೆಗೆ ಏರಿತೋ ಎಂದು ಕಿವಿಗೊಟ್ಟು ಕೂರುತ್ತೇನೆ.