ಪಾಳಿ ಇಲ್ಲದ ಭಿಶಿ

ಭಾಲ್ಕಿಯ ಹನ್ನೆರಡು ಮಂದಿ ಹೆಂಗಸರು ಈಚೆಗೆ ಒಂದು ಕ್ರಿಪ್ಟೊ ಕಾಯಿನ್‌ನ ಬೆಲೆಯನ್ನು ಆರು ದಿನ ಬೀಳಗೊಡಲಿಲ್ಲ. ಇಂಥ ಕಾಯಿನ್‌ಗಳು ಬೆಳಿಗ್ಗೆ ಹುಟ್ಟಿ ಸಂಜೆಯೊಳಗೆ ನೆಲ ಕಚ್ಚುವುದೇ ಹೆಚ್ಚು. ಇವರದು ನಿಂತಿತ್ತು. ನಿಂತಿದ್ದಷ್ಟೇ ಅಲ್ಲ, ಏರುತ್ತಲೂ ಇತ್ತು. ಯಾಕೆಂದರೆ ಇವರಲ್ಲಿ ಒಬ್ಬರೂ ಮಾರಿರಲಿಲ್ಲ.

ಯಾಕೆ ಮಾರಲಿಲ್ಲ? ಏನೋ ದೊಡ್ಡ ಪ್ಲಾನ್ ಇರಬೇಕು ಅಂದುಕೊಂಡಿರಾ? ಪಾಳಿ ಬಂದಿರಲಿಲ್ಲವಂತೆ, ಅಷ್ಟೆ.

ಮೊದಲಿನಿಂದ ಹೇಳುತ್ತೇನೆ. ನನ್ನ ತಂಗಿ ಶೋಭಾಳನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಅವಳ ಗಂಡ ಶಿವರಾಜ ಮಾಸ್ತರರು ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಒಳ್ಳೆಯ ಮನುಷ್ಯರು. ಕೈಗೆ ಫೋನ್ ಬಂದಾಗ ಮಾತ್ರ ಅವರನ್ನು ಹಿಡಿಯುವುದು ಕಷ್ಟ. ಹೊಸದಾಗಿ ಶುರುವಾದ ಒಂದು ಟೋಕನ್ ಲಾಂಚ್ ಪ್ಲಾಟ್‌ಫಾರ್ಮ್ ಅವರ ಕಣ್ಣಿಗೆ ಬಿತ್ತು. ಅಲ್ಲಿ ಯಾರು ಬೇಕಾದರೂ ಐದು ನಿಮಿಷದಲ್ಲಿ ಸ್ವಂತ ಕಾಯಿನ್ ಹುಟ್ಟಿಸಬಹುದು. ಒಂದು ಹೆಸರು, ಒಂದು ಚಿತ್ರ, ಚೂರು ಫೀಸು ಸಾಕು. ಜನ ಕೊಂಡಂತೆ ಬೆಲೆ ಏರುತ್ತದೆ, ಮಾರಿದಂತೆ ಇಳಿಯುತ್ತದೆ. ಕೊಂಡರೂ ಮಾರಿದರೂ ಪ್ಲಾಟ್‌ಫಾರ್ಮಿನವರಿಗೆ ಕಮಿಷನ್.

ಮಾಸ್ತರರು ತಮ್ಮ ಕಾಯಿನ್‌ಗೆ ‘ಹುಗ್ಗಿ’ ಎಂದು ಹೆಸರಿಟ್ಟು, ಬೀದರಿನಲ್ಲಿದ್ದ ನನಗೆ ಫೋನ್ ಮಾಡಿದರು. ಹುಗ್ಗಿ ಲಾಂಚ್ ಮಾಡುತ್ತಿದ್ದೇನೆ ಅಂದರು. ಲಂಚ್ ಎಂದು ಕೇಳಿಸಿಕೊಂಡ ನಾನು, ಊಟದ ಮೆಸ್ ತೆಗೆಯುತ್ತಿದ್ದಾರೆ ಎಂದು ತಿಳಿದು ಖುಷಿಪಟ್ಟೆ. (ನಿಜ ಸಂಗತಿ ತಿಳಿದ ಮೇಲೂ ಎರಡು ಸಾವಿರ ಹಾಕಿದೆ. ಮನೆಯವಳಿಗೆ ಇದು ಈ ಅಂಕಣ ಓದಿದ ಮೇಲೆಯೇ ಗೊತ್ತಾಗಬೇಕು.)

ಇನ್ನು ಶೋಭಾಳ ಭಿಶಿ. ನಮ್ಮ ಕಡೆ ಇದು ಗೊತ್ತಿಲ್ಲದ ಓಣಿ ಇಲ್ಲ. ಹನ್ನೆರಡು ಮಂದಿ, ತಿಂಗಳಿಗೆ ಇಷ್ಟು ಎಂದು ಎಲ್ಲರೂ ಹಾಕುತ್ತಾರೆ. ಸ್ಟೀಲ್ ಡಬ್ಬಿಯಲ್ಲಿ ಚೀಟಿ ಕುಲುಕಿ ಎತ್ತಿದಾಗ ಯಾರ ಹೆಸರು ಬರುತ್ತದೋ ಆ ತಿಂಗಳ ಪೂರ್ತಿ ಹಣ ಅವರಿಗೆ. ಯಾರಿಗಾದರೂ ತೀರಾ ಅಡಚಣೆ ಇದ್ದರೆ ಚೀಟಿ ಎತ್ತದೆ ಅವರಿಗೇ ಪಾಳಿ ಕೊಡುತ್ತಾರೆ. ಪಾಳಿ ಮುರಿದು ಯಾರೂ ಹಣ ಕೇಳುವುದಿಲ್ಲ. ಕೇಳಿದವಳನ್ನು ಮರುವರ್ಷ ಸೇರಿಸಿಕೊಳ್ಳುವುದಿಲ್ಲ.

ಹೆಂಗಸರಿಗೆ ಹುಗ್ಗಿ ಕಾಯಿನ್ ವಿವರಿಸಲು ಮಾಸ್ತರರು ಒಂದು ಮಾತು ಬಳಸಿದರು: ಇದು ಫೋನಿನಲ್ಲಿ ನಡೆಯುವ ಭಿಶಿ. ಎಡವಿದ್ದು ಅಲ್ಲಿಯೇ.

ಹನ್ನೊಂದು ಮಂದಿ ತಲಾ ಐದು ಸಾವಿರ ಹಾಕಿದರು. ಹನ್ನೆರಡನೆಯವರು, ಪಕ್ಕದ ಭಾತಂಬ್ರಾದ ಕಮಲಾಬಾಯಿ, ಎಲ್ಲರಿಗಿಂತ ಮೊದಲು ಇಪ್ಪತ್ತು ಸಾವಿರ ಹಾಕಿದರು. ಕಮಲಾಬಾಯಿಯವರದು ಗರಿಗರಿಯಾದ ಕಟಕ ರೊಟ್ಟಿ ಮಾರುವ ಕಸುಬು. ಔರಾದಿನ ಒಂದು ಹಾಸ್ಟೆಲ್ಲಿನವರು ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ರೊಟ್ಟಿ ಕಳಿಸಲು ಕೇಳಿದ್ದರು. ಆ ಪ್ರಮಾಣದ ರೊಟ್ಟಿ ಕೈಯಲ್ಲಿ ಬಡಿದು ಮುಗಿಯುವಂಥದ್ದಲ್ಲ, ಮಷೀನ್ ಬೇಕು. ಆ ಇಪ್ಪತ್ತು ಸಾವಿರ ಮಷೀನಿಗೆ ಮುಂಗಡ ಕೊಡಲು ಕೂಡಿಟ್ಟದ್ದು. ತಿಂಗಳ ಕೊನೆಯೊಳಗೆ ಮಷೀನ್ ಬರದಿದ್ದರೆ ಹಾಸ್ಟೆಲ್ಲಿನವರು ಬೇರೆಯವರನ್ನು ನೋಡಿಕೊಳ್ಳುತ್ತಿದ್ದರು.

ಆರನೆಯ ದಿನ ಭಾನುವಾರ. ನಾನೂ ಭಾಲ್ಕಿಯಲ್ಲಿದ್ದೆ. ಎಲ್ಲಿಯವರೋ ಗುರುತಿಲ್ಲದ ಜನ ಹುಗ್ಗಿ ಕೊಂಡು ಬೆಲೆ ಮೂರು ಪಟ್ಟಾಗಿತ್ತು. ಮಾಸ್ತರರು ಎಲ್ಲರನ್ನೂ ಕರೆಸಿ, ಈಗಲೇ ಮಾರಿಬಿಡಿ ಎಂದು ಅವಸರ ಮಾಡಿದರು. ಹೆಂಗಸರು ಮುಖ ಮುಖ ನೋಡಿಕೊಂಡರು. ಎಲ್ಲರೂ ಒಟ್ಟಿಗೆ ಎತ್ತುವುದೆಂದರೇನು? ಮಾತುಕತೆಯಾಗಿ, ಅಡಚಣೆ ಇರುವ ಕಮಲಾಬಾಯಿಗೆ ಮೊದಲ ಪಾಳಿ ಎಂದು ತೀರ್ಮಾನವಾಯಿತು. ಅವರು ಮಾರಿದರು. ಫೋನಿನಲ್ಲಿ ಅರವತ್ತು ಸಾವಿರ ತೋರಿಸಿತು. ಉಳಿದವರು ಸಮಾಧಾನದಿಂದ ಫೋನ್ ಚೀಲಕ್ಕೆ ಹಾಕಿಕೊಂಡರು. ಮುಂದಿನ ಪಾಳಿ ಮುಂದಿನ ತಿಂಗಳು ತಾನೆ?

ದೊಡ್ಡ ಮೊತ್ತ ಹೊರಬಿದ್ದದ್ದು ಕಂಡು ಆ ಗುರುತಿಲ್ಲದ ಜನವೆಲ್ಲ ಮಾರತೊಡಗಿದರು. ನಮ್ಮ ಚಹಾ ಮುಗಿಯುವುದರೊಳಗೆ ಹುಗ್ಗಿ ತಳ ಕಂಡಿತ್ತು.

ಮಾಸ್ತರರ ಮುಖ ನೋಡಿ ಕಮಲಾಬಾಯಿ ಕೇಳಿದರು: “ಸರ್, ಇದರಾಗ ಕಡಿಗಿ ಎತ್ತೋರಿಗಿ ಏನ್ ಸಿಗ್ತದ್ರಿ?”

“ಏನೂ ಸಿಗಂಗಿಲ್ರಿ,” ಅಂದರು ಮಾಸ್ತರರು. “ಅವರು ಹಾಕಿದ್ದೇ ಮೊದಲು ಎತ್ತಿದೋರಿಗಿ ಬರ್ತದ.”

“ಹಂಗಾದ್ರ ಇದು ಇವರ ರೊಕ್ಕ ಅದ.”

ಹಣ ಬ್ಯಾಂಕಿಗೆ ಬರಲು ಮೂರು ದಿನ ಹಿಡಿಯಿತು. ಬಂದ ದಿನವೇ ಕಮಲಾಬಾಯಿ ನಗದು ತೆಗೆದುಕೊಂಡು ಶೋಭಾಳ ಮನೆಗೆ ಬಂದು ಹನ್ನೊಂದು ಮಂದಿಗೂ ಐದೈದು ಸಾವಿರ ಎಣಿಸಿ ಕೊಟ್ಟರಂತೆ. ಅವರಿಗೆ ಉಳಿದದ್ದೂ ಐದೇ ಸಾವಿರ. ನೀನು ಬೇಡ ಅನ್ನಬೇಕಿತ್ತು ಎಂದು ನಾನು ತಂಗಿಯ ಮೇಲೆ ರೇಗಿದೆ. ಬೇಡ ಎಂದೆವು, ಕೇಳಲಿಲ್ಲ, ಆಮೇಲೆ ತೆಗೆದುಕೊಂಡೆವು ಎಂದು ಶೋಭಾ ಸಣ್ಣ ದನಿಯಲ್ಲಿ ಹೇಳಿದಳು. ಅವಳಿಗೆ ನಾಚಿಕೆಯಾಗಿತ್ತು. ನನಗೂ ಆಯಿತು.

ಆ ತಿಂಗಳು ಡಬ್ಬಿ ತೆರೆಯಲಿಲ್ಲ. ಭಿಶಿಯ ಪೂರ್ತಿ ಹಣ ಕಮಲಾಬಾಯಿಗೆ ಹೋಯಿತು. ಇಬ್ಬರಿಗೆ ಆ ಹಣದ ಮೇಲೆ ಕಣ್ಣಿತ್ತಂತೆ, ಆದರೆ ಬಾಯಿ ಬಿಡಲಿಲ್ಲ. ಮಷೀನ್ ಬಂದಿದೆ. ಔರಾದಿನ ಬಸ್ಸಿಗೆ ರೊಟ್ಟಿಯ ಡಬ್ಬಗಳು ಏರುತ್ತಿವೆ.

ಆ ಪ್ಲಾಟ್‌ಫಾರ್ಮ್ ಏನಾಯಿತು? ಇನ್ನೂ ಇದೆ, ಆದರೆ ಸದ್ದಿಲ್ಲ. ಶುರುವಿನಲ್ಲಿ ದಿನಕ್ಕೆ ಎಷ್ಟು ಕಾಯಿನ್ ಹುಟ್ಟಿದವು ಎಂದು ಹೇಳಿಕೊಳ್ಳುತ್ತಿದ್ದರು. ಹುಟ್ಟಿದ್ದು ಎಣಿಸಿದರೆ ಆಯಿತೆ? ಉಳಿದದ್ದು ಎಷ್ಟು? ಮೊದಲು ಬಂದವರಿಗೆ ಲಾಭ ಸಿಗಬೇಕಾದರೆ ಕೊನೆಗೆ ಬರುವ ಹೊಸಬರು ದಿನಾಲೂ ಬೇಕು. ಒಮ್ಮೆ ಕೈ ಸುಟ್ಟುಕೊಂಡವರು ಅದೇ ಅಂಗಡಿಗೆ ಮತ್ತೆ ಬರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬೋನಸ್ ಪಾಯಿಂಟ್ ಹಂಚಿದರೆ ಇದ್ದವರೂ ಅತ್ತ ಓಡುತ್ತಾರೆ. ಶುರುವಿನ ಜಾತ್ರೆ ನೋಡಿ ಧಂದೆ ಬಾಳಿಕೆ ಬರುತ್ತದೆ ಎಂದು ನಂಬುವವರು ನಂಬಲಿ, ನನಗಂತೂ ಧೈರ್ಯವಿಲ್ಲ.

ನಿನ್ನೆ ಮಾಸ್ತರರ ಫೋನ್ ಬಂತು. ಇದಕ್ಕಿಂತ ಹೊಸದೊಂದು ಪ್ಲಾಟ್‌ಫಾರ್ಮ್ ಬಂದಿದೆಯಂತೆ. ಈ ಸಲ ನಾವೇ ಎಲ್ಲರಿಗಿಂತ ಮೊದಲು ಹೋಗಬೇಕಂತೆ.

“ನಮ್ಮ ಹಿಂದ ಬರೋರು ಯಾರ್ರಿ?” ಅಂದೆ.

ಮಾಸ್ತರರು, ನಿಮ್ಮ ಅಂಕಣ ಓದುವವರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿದರು.